ಎಂಟನೇ ಕ್ಲಾಸಿನ ಹುಡುಗಿ ಕೇಳಿದ್ದು: ನಮ್ಮೂರಲ್ಲಿ ನಾಗರಿಕತೆ ಇರಲೇ ಇಲ್ವಾ?

ಟ್ಯೂಷನ್ ಜಗಲಿ, ಸಾಗರ
ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಹಳ್ಳಿಯವನು ನಾನು. ಇತಿಹಾಸದಲ್ಲಿ ಎಂ.ಎ. ಮಾಡಿ, ಈಗ ಮನೆ ಜಗಲಿಯಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಬುಧವಾರ ಒಂದು ಪ್ರಶ್ನೆ ಬಂತು. ಇವತ್ತು ಶನಿವಾರ. ಇನ್ನೂ ಉತ್ತರ ಕೊಟ್ಟಿಲ್ಲ. ಇಲ್ಲಿ ಓದಿದವರಿದ್ದೀರಿ, ಊರೂರು ತಿರುಗಿದವರಿದ್ದೀರಿ, ಹಿರಿಯರಿದ್ದೀರಿ. ಸಹಾಯ ಮಾಡಿ.

ಅವತ್ತು ನಾಗರಿಕತೆಗಳ ಪಾಠ. ಈಜಿಪ್ಟ್, ಮೆಸೊಪೊಟೇಮಿಯಾ, ಸಿಂಧೂ ಬಯಲು, ಚೀನಾ. ಸುಮ್ನೆ ಬಾಯಿಪಾಠ ಮಾಡಿಸುವ ಬದಲು, ನಾಗರಿಕತೆ ಅಂದರೆ ಏನು ಅಂತ ಮೊದಲು ಹೇಳೋಣ ಅನ್ನಿಸಿತು. ಗಾರ್ಡನ್ ಚೈಲ್ಡ್ ಎಂಬ ಪುರಾತತ್ವ ವಿದ್ವಾಂಸರು 1950ರಲ್ಲಿ ಹತ್ತು ಲಕ್ಷಣ ಗುರುತಿಸಿದ್ದರು. ಅದನ್ನೇ ಬೋರ್ಡಿಗೆ ಬರೆದೆ. ದೊಡ್ಡ ನಗರ. ಬೇಸಾಯ ಬಿಟ್ಟು ಕಸುಬಿನಿಂದಲೇ ಬದುಕುವ ಜನ. ತೆರಿಗೆಯಾಗಿ ಒಂದು ಕಡೆ ಸೇರುವ ಬೆಳೆ. ಭಾರಿ ಕಟ್ಟಡ. ಆಳುವ ವರ್ಗ. ಬರವಣಿಗೆ. ಲೆಕ್ಕ, ಪಂಚಾಂಗದಂಥ ಶಾಸ್ತ್ರ. ತನ್ನದೇ ಶೈಲಿಯ ಕಲೆ. ದೂರದೇಶದ ವ್ಯಾಪಾರ. ನೆಂಟಸ್ತನದ ಮೇಲಲ್ಲ, ವಾಸವಿರುವ ಜಾಗದ ಮೇಲೆ ನಿಂತ ರಾಜ್ಯ.

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ನಮ್ಮೂರಿನ ಹೆಸರು ಬರೆದು, ಒಂದೊಂದರ ಮುಂದೆಯೂ ಸರಿ, ತಪ್ಪು ಗುರುತು ಹಾಕುತ್ತಾ ಹೋಗಿದ್ದಳು. ಹತ್ತಕ್ಕೆ ಎರಡೂ ಬರಲಿಲ್ಲ. ನಮ್ಮದು ಒಂದು ಮನೆ ಇಲ್ಲಿ, ಇನ್ನೊಂದು ಮನೆ ತೋಟ ದಾಟಿ ಆಚೆ ಇರುವ ಊರು. ಅರಮನೆ ಎಲ್ಲಿಂದ ಬರಬೇಕು? ಅವಳು ಪುಸ್ತಕ ತೋರಿಸಿ ಕೇಳಿದಳು: "ಸಾರ್, ನಗರ ಇದ್ರೆ ಮಾತ್ರ ನಾಗರಿಕತೆಯಾ? ಹಾಗಾದ್ರೆ ನಮ್ಮೂರಲ್ಲಿ ನಾಗರಿಕತೆ ಇರಲೇ ಇಲ್ವಾ?"

ನಾಳೆ ಹೇಳ್ತೀನಿ ಅಂದೆ. ಅವಳ ಮುಖ ಸಣ್ಣದಾಗಿದ್ದು ನನಗೆ ಕಾಣಿಸಿತು. ಏನು ಹೇಳಲಿ?

ಭದ್ರಾವತಿ ಎಂಜಿನಿಯರ್

ಮೇಷ್ಟ್ರೇ, ನಿಮ್ಮ ಕಾಳಜಿ ಒಳ್ಳೆಯದು. ಆದರೆ ಮಗುವಿಗೆ ಸಮಾಧಾನ ಆಗಲಿ ಅಂತ ಪದದ ಅರ್ಥ ಬದಲಿಸಬೇಡಿ. ನಗರ ಬೇಕು. ಸಿಂಧೂ ಬಯಲನ್ನೇ ನೋಡಿ. ಕ್ರಿ.ಪೂ. 2600ರಿಂದ 1900ರ ಹೊತ್ತಿಗೆ, ನೂರಾರು ಮೈಲಿ ದೂರದ ಊರುಗಳಲ್ಲೂ ಇಟ್ಟಿಗೆಯ ಅಳತೆ ಒಂದೇ ಪ್ರಮಾಣದ್ದು. ದಪ್ಪ ಒಂದು ಪಾಲಾದರೆ ಅಗಲ ಎರಡು, ಉದ್ದ ನಾಲ್ಕು. ತೂಕದ ಕಲ್ಲುಗಳೂ ಹಾಗೇ, ಹರಪ್ಪದಲ್ಲಿ ಇದ್ದ ಲೆಕ್ಕವೇ ಗುಜರಾತಿನ ಲೋಥಲ್‌ನಲ್ಲೂ. ಮೊಹೆಂಜೊದಾರೊದಲ್ಲಿ ಬೀದಿಗೆ ಮುಚ್ಚಿದ ಚರಂಡಿ. ಧೋಲಾವೀರದಲ್ಲಿ ಮಳೆನೀರು ಹಿಡಿಯುವ ದೊಡ್ಡ ದೊಡ್ಡ ಕೊಳಗಳು. ಸಾವಿರಾರು ಜನ ಪರಸ್ಪರ ಗುರುತಿಲ್ಲದೇ ಇದ್ದರೂ ಒಂದೇ ಅಳತೆ ಒಪ್ಪಿಕೊಂಡು ಬದುಕಿದರು. ಅದು ನಾಗರಿಕತೆ. ನಲವತ್ತು ಮನೆಯ ಹಳ್ಳಿಗೆ ಅದು ಬೇಕಾಗಿರಲಿಲ್ಲ, ಇರಲೂ ಇಲ್ಲ. ಹಳ್ಳಿಯಲ್ಲಿ ಸಂಸ್ಕೃತಿ ಇತ್ತು ಅನ್ನಿ, ನಾನು ಒಪ್ಪುತ್ತೇನೆ.

ಗಾಜನೂರು ಅಕ್ಕ

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿತ್ತು. ಮಾರ್ಗರೆಟ್ ಮೀಡ್ ಎಂಬ ದೊಡ್ಡ ವಿದ್ವಾಂಸೆಯನ್ನು ಯಾರೋ ನಾಗರಿಕತೆಯ ಮೊದಲ ಗುರುತು ಯಾವುದು ಅಂತ ಕೇಳಿದರಂತೆ. ಅವರು ಮಡಕೆ, ಆಯುಧ ಏನೂ ಹೇಳಲಿಲ್ಲವಂತೆ. ಮುರಿದು ಕೂಡಿಕೊಂಡ ತೊಡೆಮೂಳೆ ಅಂದರಂತೆ. ಕಾಲು ಮುರಿದವನನ್ನು ಯಾರೋ ಬಿಟ್ಟು ಹೋಗದೆ ತಿಂಗಳುಗಟ್ಟಲೆ ನೋಡಿಕೊಂಡಿದ್ದಾರೆ ಅಂತ ಅರ್ಥ. ಓದಿ ನನಗೆ ಕಣ್ಣು ತುಂಬಿ ಬಂತು. ಆ ಹುಡುಗಿಗೆ ಇದನ್ನೇ ಹೇಳಿ ತಮ್ಮಾ.

ಸೊರಬದ ಹಳೇ ಮೇಷ್ಟ್ರು

ಅಕ್ಕಾ, ನಿಮ್ಮ ಮನಸ್ಸು ದೊಡ್ಡದು. ಆದರೆ ಆ ಮಾತನ್ನು ಮೀಡ್ ತಮ್ಮ ಯಾವ ಬರಹದಲ್ಲೂ ಬರೆದಿಲ್ಲ. ಹುಡುಕಿದವರಿಗೆ ಸಿಕ್ಕಿಲ್ಲ. ಮೂಳೆ ಮುರಿದು ತಾನಾಗಿ ಕೂಡಿಕೊಂಡ ಕಾಡುಪ್ರಾಣಿಗಳೂ ಉಂಟು. ಹಾಗಾಗಿ ಇದನ್ನು ಮಕ್ಕಳಿಗೆ ನಡೆದ ಸಂಗತಿ ಅಂತ ಹೇಳುವುದು ಬೇಡ. ನಾವು ಇತಿಹಾಸ ಹೇಳುವವರು, ಅಲ್ವಾ?

ಆದರೆ ನಿಮಗೆ ಕಣ್ಣು ತುಂಬಿದ್ದು ಸುಳ್ಳಿಗಲ್ಲ. ಇರಾಕಿನ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ಒಬ್ಬ ನಿಯಾಂಡರ್ತಾಲ್, ಅಂದರೆ ನಮಗಿಂತ ಹಿಂದಿನ ಒಂದು ಮಾನವ ಜಾತಿಯ, ಗಂಡಸಿನ ಅಸ್ಥಿಪಂಜರ ಸಿಕ್ಕಿತು. 45,000 ವರ್ಷಕ್ಕೂ ಹಿಂದಿನದು. ಬಲಗೈ ಸೊರಗಿ ಹೋಗಿತ್ತು. ಮುಖಕ್ಕೆ ಬಿದ್ದ ಪೆಟ್ಟಿನಿಂದ ಒಂದು ಕಣ್ಣು ಕಾಣುತ್ತಿರಲಿಲ್ಲ ಅನ್ನುತ್ತಾರೆ. ಕುಂಟುತ್ತಿದ್ದ. ಆ ಗಾಯಗಳಾದ ಮೇಲೂ ಅವನು ಎಷ್ಟೋ ವರ್ಷ ಬದುಕಿದ್ದ. ಜೊತೆಯವರು ನೋಡಿಕೊಳ್ಳದೆ ಇದು ಹೇಗೆ ಸಾಧ್ಯ? ಚೈಲ್ಡ್ ಪಟ್ಟಿಯ ಹತ್ತರಲ್ಲಿ ಒಂದೂ ಅವರ ಬಳಿ ಇರಲಿಲ್ಲ.

ಇನ್ನು ನಮ್ಮ ಮನೆ ಹತ್ತಿರಕ್ಕೆ ಬನ್ನಿ. ಬಳ್ಳಿಗಾವಿಗೆ ಎಲ್ಲರೂ ಹೋಗಿರುತ್ತೀರಿ. ಅಲ್ಲಮಪ್ರಭುವಿನ ಊರು ಅಂತ, ಕೇದಾರೇಶ್ವರ ಗುಡಿ ನೋಡೋಣ ಅಂತ. ಆ ಗುಡಿಗೆ ಸೇರಿದಂತೆ ಕೋಡಿಯ ಮಠ ಇತ್ತು. ಕೆರೆಯ ಕೋಡಿ ಬಳಿ ಇದ್ದದ್ದಕ್ಕೆ ಆ ಹೆಸರು. ಕಾಳಾಮುಖರೆಂಬ ಶೈವ ಯತಿಗಳ ಮಠ. 1162ರ, ಬಿಜ್ಜಳನ ಕಾಲದ ಶಾಸನ ಆ ಮಠ ಏನೇನು ಮಾಡುತ್ತಿತ್ತು ಅಂತ ಒಂದು ಪಟ್ಟಿ ಕೊಡುತ್ತದೆ. ನಾಲ್ಕು ವೇದ, ಪಾಣಿನಿ, ಶಾಕಟಾಯನ ಮೊದಲಾದ ವ್ಯಾಕರಣಗಳು, ದರ್ಶನಗಳು, ಅದರಲ್ಲಿ ಬೌದ್ಧ ದರ್ಶನವೂ ಸೇರಿತ್ತು. ಇಷ್ಟು ಓದು. ಆಮೇಲೆ ಊಟದ ಪಟ್ಟಿ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ಕೊಳಲು ಊದುವವರು, ಕುಣಿಯುವವರು. ಮೈಮೇಲೆ ಬಟ್ಟೆ ಇಲ್ಲದವರು, ಗಾಯಗೊಂಡವರು. ಜೈನ ಸನ್ಯಾಸಿಗಳು, ಏಕದಂಡಿ, ತ್ರಿದಂಡಿಗಳು, ಅಂದರೆ ಇವರ ಮತವೇ ಅಲ್ಲದವರು. ಎಲ್ಲಾ ದೇಶದ ಭಿಕ್ಷುಕರು. ಇವರಿಗೆಲ್ಲ ಅನ್ನ ಸಿಗುವ ಜಾಗ ಅದು. ರೋಗಿಗಳಿಗೆ ಔಷಧ ಸಿಗುವ ಜಾಗ. ಕೊನೆಗೆ, ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ.

ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಆ ಕಿವುಡರು ಎಂಬ ಪದದ ಹತ್ತಿರ ಬಂದಾಗೆಲ್ಲ ಒಂದು ಕ್ಷಣ ನಿಲ್ಲುತ್ತಿದ್ದೆ. ಕುಂಟರನ್ನು, ಕುರುಡರನ್ನು ಯಾರಾದರೂ ನೆನೆಯುತ್ತಾರೆ. ಕಿವುಡರ ಕಷ್ಟ ಹೊರಗೆ ಕಾಣುವುದಿಲ್ಲ. ಅವರನ್ನೂ ಮರೆಯದೆ ಬರೆಸಿದವರು ಯಾರೋ ಇದ್ದರು.

ಭದ್ರಾವತಿ ಎಂಜಿನಿಯರ್

ಮೇಷ್ಟ್ರೇ, ಗೌರವದಿಂದಲೇ ಕೇಳುತ್ತೇನೆ. ಶಾಸನ ಅಂದರೆ ಮಠ ತನ್ನನ್ನು ತಾನೇ ಹೊಗಳಿಕೊಂಡದ್ದಲ್ವಾ? ರಾಜರಿಗೂ ಹಾಗೇ ಬಿರುದು ಹಚ್ಚುತ್ತಿದ್ದರು. ನಿಜವಾಗಿ ಅನ್ನ ಹಾಕಿದರು ಅಂತ ಹೇಗೆ ನಂಬುವುದು?

ಸೊರಬದ ಹಳೇ ಮೇಷ್ಟ್ರು

ಕೇಳಲೇಬೇಕಾದ ಪ್ರಶ್ನೆ ಇದು. ಒಂದೇ ಕಲ್ಲನ್ನು ನಂಬಬಾರದು. ದಾನ ಕೊಟ್ಟ ಭೂಮಿ ಎಷ್ಟು, ಯಾವ ಊರಿನದು, ಗಡಿ ಯಾವುದು, ಯಾವ ಖರ್ಚಿಗೆ, ಇವೆಲ್ಲ ಶಾಸನದ ಕೆಳಭಾಗದಲ್ಲಿ ಇರುತ್ತವೆ. ಹೊಗಳಿಕೆ ಮೇಲೆ, ಲೆಕ್ಕ ಕೆಳಗೆ. ಓದುವವರು ಕೆಳಗಿನಿಂದ ಓದಬೇಕು. ಒಂದೇ ಮಠಕ್ಕೆ ತಲೆಮಾರುಗಳ ತನಕ ಬೇರೆ ಬೇರೆ ಅರಸರು ಭೂಮಿ ಬಿಟ್ಟರು ಅಂದಾಗ ನಂಬಿಕೆ ಸ್ವಲ್ಪ ಗಟ್ಟಿಯಾಗುತ್ತದೆ. ಇನ್ನೊಂದು ಮಾತು. ಹೊಗಳಿಕೊಳ್ಳುವಾಗಲೂ ಮನುಷ್ಯ ತನ್ನ ಕಾಲ ಯಾವುದನ್ನು ದೊಡ್ಡದು ಅನ್ನುತ್ತದೋ ಅದನ್ನೇ ಹೇಳಿಕೊಳ್ಳುತ್ತಾನೆ. ಕಿವುಡರಿಗೆ ಅನ್ನ ಹಾಕುವುದು ಹೆಮ್ಮೆಯ ಸಂಗತಿ ಅಂತ 1162ರಲ್ಲಿ ಬಳ್ಳಿಗಾವಿಯ ಜನಕ್ಕೆ ಗೊತ್ತಿತ್ತು. ಅಷ್ಟನ್ನು ಆ ಒಂದು ಕಲ್ಲೇ ಸಾಬೀತು ಮಾಡುತ್ತದೆ.

ಶಂಕರಘಟ್ಟದ ವಿದ್ಯಾರ್ಥಿನಿ

ಮೇಷ್ಟ್ರು ಹೇಳಿದ ಹಾಗೆ ಕೆಳಗಿನಿಂದ ಓದಿದರೆ ತಾಳಗುಂದದ ಸ್ತಂಭವೂ ಬೇರೆ ಥರ ಕಾಣುತ್ತದೆ. ನನಗೆ ಇದನ್ನು ಬರೆಯಲೇಬೇಕು ಅನ್ನಿಸುತ್ತಿದೆ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಪ್ರಣವೇಶ್ವರ ಗುಡಿಯ ಮುಂದೆ ಆ ಕಂಬ ಇದೆ. ಸುಮಾರು 450ರ ಹೊತ್ತಿನದು. ಎಲ್ಲರಿಗೂ ಗೊತ್ತಿರುವ ಕಥೆ ಅಲ್ಲೇ ಇರುವುದು. ಮಯೂರಶರ್ಮ ಓದುವುದಕ್ಕೆ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆದದ್ದು, ದರ್ಭೆ, ಸಮಿತ್ತು ಹಿಡಿಯುತ್ತಿದ್ದ ಕೈ ಕತ್ತಿ ಹಿಡಿದದ್ದು. ಅಲ್ಲಿಂದ ಕದಂಬ ರಾಜ್ಯ. ನಾವು ಪರೀಕ್ಷೆಗೆ ಬರೆಯುವುದು ಇಷ್ಟೇ. ಆದರೆ ಕುಬ್ಜ ಎಂಬ ಕವಿ ಆ ಸಂಸ್ಕೃತ ಪದ್ಯಗಳನ್ನು ಬರೆದದ್ದು ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಕಾಕುಸ್ಥವರ್ಮ ಆ ಗುಡಿಯ ಬಳಿ ಒಂದು ಕೆರೆ ಕಟ್ಟಿಸಿದ್ದ. ಅದನ್ನು ದಾಖಲಿಸುವುದಕ್ಕೆ ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕವಿಯೇ ಕಲ್ಲಿನ ಮೇಲೆ ಬರೆದ. ಇಡೀ ವಂಶದ ಕಥೆ ಕೆರೆಗೆ ಪೀಠಿಕೆ! ಮೊದಲ ಸಲ ಇದು ಅರ್ಥವಾದ ದಿನ ನಾನು ಲೈಬ್ರರಿಯಿಂದ ಎದ್ದು ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಅದೇ ಊರಿನಲ್ಲಿ ಸಿಂಹಕಟಾಂಜನದ, ಅಂದರೆ ಸಿಂಹ ಕೆತ್ತಿದ ಮೆಟ್ಟಿಲ ಕೈಕಟ್ಟೆಯ, ಮೇಲಿನ ಶಾಸನ ಸಿಕ್ಕಿದ್ದು ಇತ್ತೀಚೆಗೆ, 2013ರ ಉತ್ಖನನದಲ್ಲಿ. ಅದನ್ನು 370ರ ಸುಮಾರಿನದು ಎಂದು ಓದಿದ್ದಾರೆ. ಅದರಲ್ಲಿ ಕನ್ನಡ ಪದಗಳಿವೆ. ಹಲ್ಮಿಡಿಗಿಂತ ಹಿಂದಿನದು. ಅದೇ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ ಅದಕ್ಕಿಂತಲೂ ಹಳೆಯ ಪ್ರಾಕೃತ ಶಾಸನ ಇದೆ. ಸೈಕಲ್ ತುಳಿದು ಹೋಗಬಹುದಾದ ದೂರದಲ್ಲಿ ಪ್ರಾಕೃತ, ಸಂಸ್ಕೃತ, ಕನ್ನಡ ಮೂರೂ ಕಲ್ಲಿನ ಮೇಲೆ ಕೂತಿವೆ. ಆ ಹುಡುಗಿ ಬರವಣಿಗೆ ಮುಂದೆ ತಪ್ಪು ಗುರುತು ಹಾಕಿದ್ದರೆ ದಯವಿಟ್ಟು ಅಳಿಸಲು ಹೇಳಿ.

ಕಾನು ಅಂಚಿನ ಮನೆ

ದೂರದೇಶದ ವ್ಯಾಪಾರದ ಮುಂದೆಯೂ ಅಳಿಸಲಿ. ಅವಳ ಮನೆ ಹಿಂದೆ ಮೆಣಸಿನ ಬಳ್ಳಿ ಇಲ್ವಾ? ಘಟ್ಟದ ಮೇಲಿನ ಮೆಣಸು ಎತ್ತಿನ ಬೆನ್ನ ಮೇಲೆ ಇಳಿದು ಹೊನ್ನಾವರ, ಭಟ್ಕಳದಿಂದ ಹಡಗು ಹತ್ತುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು.

ಮತ್ತೆ ಒಂದು ವಿಷಯ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ನಮ್ಮ ಸೊರಬದ ಕಾನುಗಳು. ಕತ್ತಲೆ ಕವಿದ ಹಳೇ ಕಾಡು, ಒಳಗೆ ದೇವರು, ಅಂಚಿಗೆ ಗದ್ದೆ. 1868ರ ವರದಿಯೊಂದರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲೇ 171 ಕಾನು ಎಣಿಸಿದ್ದರು. ಮೆಣಸು, ಬೈನೆ, ಜೇನು ಎಲ್ಲ ಅಲ್ಲಿಂದ. ಮರ ಕಡಿಯುವ ಹಾಗಿಲ್ಲ. ಕಟ್ಟಿದ್ದನ್ನು ಎಣಿಸುವವರು ಬಹಳ ಜನ. ಕಡಿಯದೆ ಬಿಟ್ಟದ್ದನ್ನೂ ಎಣಿಸಿ ಮಾರಾಯ್ರೇ.

ನಿವೃತ್ತ ಸರ್ವೇಯರ್, ಹೊಸನಗರ

ಎಂಜಿನಿಯರ್ ಸಾಹೇಬರು ಅಳತೆ ಅಂದರಲ್ಲ, ಆ ಮಾತು ನನ್ನನ್ನು ಹಿಡಿದು ಕೂರಿಸಿತು. ಒಂದೇ ಅಳತೆಯನ್ನು ಗುರುತಿಲ್ಲದ ಜನ ಒಪ್ಪುವುದು. ಸರಿಯಾದ ಮಾತು. ಆದರೆ ಅದು ನಗರದಲ್ಲೇ ಆಗಬೇಕಿಲ್ಲ.

ಶಿವಪ್ಪನಾಯಕ 1645ರಿಂದ 1660ರ ತನಕ ಬಿದನೂರಿನಿಂದ ಆಳಿದ. ಈಗಿನ ನಗರ. (ಆ ಹುಡುಗಿಗೆ ಹೇಳಿ, ನಮ್ಮ ತಾಲ್ಲೂಕಿನಲ್ಲಿ ಊರಿನ ಹೆಸರೇ ನಗರ.) ಕೋಟೆ ಈಗಲೂ ಇದೆ. 1763ರಲ್ಲಿ ಹೈದರಾಲಿ ಅದನ್ನು ಹಿಡಿಯುವ ತನಕ ಕೆಳದಿ ಅರಸರ ರಾಜಧಾನಿ ಅದು. ಆದರೆ ಶಿವಪ್ಪನಾಯಕನ ಹೆಸರು ಮಲೆನಾಡಿನ ರೈತರ ಬಾಯಲ್ಲಿ ಉಳಿದದ್ದು ಕೋಟೆಯಿಂದಲ್ಲ, ಶಿಸ್ತು ಎಂಬ ಕಂದಾಯ ಪದ್ಧತಿಯಿಂದ. ಭೂಮಿಯನ್ನು ಮಣ್ಣಿನ ಗುಣ ನೋಡಿ ವಿಂಗಡಿಸಿದ. ಯಾವ ಮಣ್ಣು ಎಷ್ಟು ಬೆಳೆಯುತ್ತದೋ ಅಷ್ಟಕ್ಕೆ ತಕ್ಕ ಕಂದಾಯ. ಅಡಿಕೆ ತೋಟಕ್ಕೆ ಮರದ ಲೆಕ್ಕ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳ್ಳಿಯ ಮುದುಕರು ಕಂದಾಯಕ್ಕೆ ಶಿಸ್ತು ಅನ್ನುತ್ತಿದ್ದರು. "ಶಿಸ್ತು ಕಟ್ಟಿದೀವಿ ಸ್ವಾಮಿ" ಅಂತ. ಮುನ್ನೂರು ವರ್ಷದ ಹಿಂದಿನ ಅಳತೆಯ ಹೆಸರು ಇನ್ನೂ ಬಾಯಲ್ಲಿ. ಸರಪಳಿ ಹಿಡಿದು ಗದ್ದೆ ಬದುವಿನ ಮೇಲೆ ನಿಂತಿದ್ದ ನನಗೆ ಮೈ ಜುಂ ಅಂದಿತ್ತು.

ಈಗ ಎರಡನೇ ಮಾತು. ಇದನ್ನು ಬರೆಯುವುದು ಕಷ್ಟ. ನಮ್ಮಪ್ಪ ಗೇಣಿದಾರ. ಒಡೆಯರ ಮನೆಗೆ ಗೇಣಿ ಭತ್ತ ಅಳೆದು ಹಾಕಬೇಕು. ಅಳೆಯುವುದು ಕೊಳಗದಲ್ಲಿ. ಕೊಡುವಾಗಿನ ಕೊಳಗ ಒಂದು, ತೆಗೆದುಕೊಳ್ಳುವಾಗಿನ ಕೊಳಗ ಇನ್ನೊಂದು. ದೊಡ್ಡದು. ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವ ಹಾಗಿಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ದೀವರ ರೈತರು ಎದ್ದು ನಿಂತದ್ದು ಈ ಕೊಳಗದ ವಿಷಯಕ್ಕೇ. ಗಣಪತಿಯಪ್ಪನವರು ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರು ಬಂದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಜೈಲಿಗೆ ಹೋದರು. ಗೇಣಿ ಜಮೀನು ಉಳುವವನ ಹೆಸರಿಗೆ ಬಂದದ್ದು 1974ರ ಕಾನೂನು ಆದ ಮೇಲೆ.

ನಮ್ಮಪ್ಪ ಸಾಯುವ ತನಕ ಅಂಗಡಿಯಲ್ಲಿ ಅಕ್ಕಿ ಅಳೆಯುವಾಗ ಸೇರಿನ ತಳ ಮುಟ್ಟಿ ನೋಡುತ್ತಿದ್ದರು. ಒಳ್ಳೆಯ ಅಂಗಡಿಯವರೇ, ಆದರೂ ಮುಟ್ಟಿ ನೋಡುತ್ತಿದ್ದರು.

ಹಾಗಾಗಿ ಮೇಷ್ಟ್ರೇ, ನಿಮ್ಮ ಹುಡುಗಿಗೆ ಶಿಸ್ತನ್ನೂ ಹೇಳಿ, ಕೊಳಗವನ್ನೂ ಹೇಳಿ. ಎರಡೂ ನಮ್ಮ ಮಲೆನಾಡೇ.

ಭದ್ರಾವತಿ ಎಂಜಿನಿಯರ್

ಸರ್ವೇಯರ್ ಸಾರ್, ಎರಡು ಸಲ ಓದಿದೆ. ನಮ್ಮ ತಾತ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. 1923ರಲ್ಲಿ ಶುರುವಾದ ಕಾರ್ಖಾನೆ ಅದು. ನಾಗರಿಕತೆ ಅಂದರೆ ನನಗೆ ಕುಲುಮೆ, ಯಂತ್ರ, ಅದರ ಸುತ್ತ ಬೆಳೆದ ಊರು. ಅದನ್ನು ಬಿಟ್ಟುಕೊಡಲಾರೆ. ಆದರೆ ಒಂದು ತಿದ್ದುಪಡಿ ಮಾಡಿಕೊಳ್ಳುತ್ತೇನೆ. ಒಂದೇ ಅಳತೆ ಇತ್ತು ಅಂದರೆ ಸಾಲದು. ಅಳತೆ ಯಾರ ಕೈಯಲ್ಲಿತ್ತು, ಅದು ತಪ್ಪಾದಾಗ ತಪ್ಪು ಅಂತ ಹೇಳುವುದಕ್ಕೆ ಆಗುತ್ತಿತ್ತಾ ಅಂತಲೂ ಕೇಳಬೇಕು. ಹರಪ್ಪದ ಲಿಪಿಯನ್ನು ಇನ್ನೂ ಯಾರಿಗೂ ಓದಲಾಗಿಲ್ಲ. ಆ ಚರಂಡಿ ತೋಡಿದವರ ದೂರು ಏನಿತ್ತೋ, ನಮಗೆ ಕೇಳಿಸುವುದೇ ಇಲ್ಲ.

ಗಾಜನೂರು ಅಕ್ಕ

ಸರ್ವೇಯರ್ ಅಣ್ಣಾ, ನಿಮ್ಮ ತಂದೆಯವರಿಗೆ ನಮಸ್ಕಾರ. ಫಾರ್ವರ್ಡ್ ಬಂದದ್ದನ್ನು ಗ್ರೂಪಿನಲ್ಲಿ ತಿದ್ದಿ ಹಾಕಿದೆ. ಶಾನಿದಾರ್ ಕಥೆಯನ್ನೂ ಬಳ್ಳಿಗಾವಿಯನ್ನೂ ಸೇರಿಸಿದೆ.

ಮುಳುಗಡೆ ಮನೆ

ಇಲ್ಲಿ ಓದುತ್ತಾ ಇದ್ದೆ, ಬರೆಯುವ ಅಭ್ಯಾಸ ಇಲ್ಲ. ನಮ್ಮ ಮನೆಯ ಹೆಸರೇ ಮುಳುಗಡೆ ಮನೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಕಟ್ಟಿ ಮುಗಿದಾಗ ಶರಾವತಿ ಕಣಿವೆಯಲ್ಲಿದ್ದ ನಮ್ಮೂರು ನೀರಿನೊಳಗೆ ಹೋಯಿತು. ನಾನು ಆ ಊರು ನೋಡಿದವಳಲ್ಲ. ಊರಿನ ಯಾವ ಕಾಗದವೂ ನಮ್ಮ ಬಳಿ ಇಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ 1948ರ ಹಳೇ ಮಡೆನೂರು ಡ್ಯಾಮ್ ನೀರಿನ ಮೇಲೆ ಕಾಣುತ್ತದೆ. ಜನ ಅದನ್ನು ನೋಡುವುದಕ್ಕೆ ಹೋಗುತ್ತಾರೆ. ನಮ್ಮ ಮನೆಯವರು ಹೋದಾಗ ಡ್ಯಾಮ್ ನೋಡುವುದಿಲ್ಲ. ಅದರಾಚೆ ದಿಕ್ಕಿಗೆ ಕೈ ತೋರಿಸುತ್ತಾರೆ.

ಅಜ್ಜಿ ಇರುವ ತನಕ ಒಂದು ಪದ್ಧತಿ ಇತ್ತು. ಮಳೆಗಾಲದ ರಾತ್ರಿ, ಕರೆಂಟ್ ಹೋದಾಗ, ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಊರಿನ ಗದ್ದೆಗಳ ಹೆಸರು ಹೇಳುವುದು. ಹೊಳೆಯಿಂದ ಶುರು ಮಾಡಿ ಮೇಲಕ್ಕೆ. ಹೊಳೆಯಂಚಿನ ಗದ್ದೆ, ಸಾಲು ಗದ್ದೆ, ಬಾವಿ ಗದ್ದೆ, ಮಕ್ಕಿ ಗದ್ದೆ, ಹಾಡ್ಯದ ಕೆಳಗಿನ ಗದ್ದೆ. ಆಮೇಲೆ ಮನೆಗಳು. ಯಾರ ಮನೆ ಪಕ್ಕ ಯಾರದು, ಯಾರ ಕೊಟ್ಟಿಗೆ ಯಾವ ಕಡೆ. ಅಪ್ಪ, ದೊಡ್ಡಪ್ಪ, ಅತ್ತೆ ಮೂವರೂ ಚಿಕ್ಕಂದಿನಲ್ಲಿ ಅಲ್ಲಿದ್ದವರು. ಅವರೂ ಜೊತೆಗೆ ಹೇಳುವರು. ಒಬ್ಬರು ಒಂದು ಗದ್ದೆ ಬಿಟ್ಟರೆ ಇನ್ನೊಬ್ಬರು ಹಿಡಿಯುವರು. ಜಗಳ ಆಗುತ್ತಿತ್ತು. "ಬಾವಿ ಗದ್ದೆ ಆದಮೇಲೆ ಮಕ್ಕಿ ಬರಲ್ಲ" ಅಂತ ಅತ್ತೆ, "ಬರುತ್ತೆ" ಅಂತ ಅಪ್ಪ. ನಾವು ಸುಮ್ನೆ ಆಟ ಅಂದುಕೊಂಡಿದ್ದೆವು.

ಎಂಜಿನಿಯರ್ ಅಣ್ಣ ಯಂತ್ರ ಅಂದರು. ನಮ್ಮ ಮನೆಯಲ್ಲೂ ಈಗ ಕರೆಂಟ್ ಇದೆ, ಅದೇ ಹೊಳೆಯದ್ದು. ನನಗೆ ಅದರ ಮೇಲೆ ಕೋಪ ಇಲ್ಲ. ಆದರೆ ನಾಗರಿಕತೆಯ ಲೆಕ್ಕ ಬರೆಯುವಾಗ ನಮ್ಮ ಗದ್ದೆಗಳ ಹೆಸರೂ ಎಲ್ಲಾದರೂ ಬರೆದಿರಬೇಕು.

ಭದ್ರಾವತಿ ಎಂಜಿನಿಯರ್

ಅಕ್ಕಾ, ನೀವು ಬರೆದಾಯಿತು. ಈಗ ಇಲ್ಲಿದೆ.

ಸೊರಬದ ಹಳೇ ಮೇಷ್ಟ್ರು

ಮುಳುಗಡೆ ಮನೆಯ ಮಗಳು ಬರೆದದ್ದು ಓದಿದ ಮೇಲೆ ನಿದ್ದೆ ಬರಲಿಲ್ಲ. ಒಂದು ಕಥೆ ನೆನಪಾಯಿತು. ಕಥೆಯಲ್ಲ, ಕಂಡವರು ಬರೆದಿಟ್ಟದ್ದು.

ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ. ಆಗ ವೆಂಕಟಪ್ಪನಾಯಕನ ಆಳ್ವಿಕೆ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಮೇಲೆ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ತಂಗಿದ್ದಾಗ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದ. ನೆಲದ ಮೇಲೆ ನುಣ್ಣಗಿನ ಮರಳು ಹರಡಿದ್ದರು. ಒಬ್ಬ ಮಗ್ಗಿಯ ಒಂದು ಸಾಲನ್ನು ರಾಗವಾಗಿ ಹಾಡುತ್ತಾ ಬೆರಳಿನಿಂದ ಮರಳ ಮೇಲೆ ಬರೆಯುವನು. ಉಳಿದ ಮೂವರೂ ಅದನ್ನೇ ಹಾಡಿ, ಅದನ್ನೇ ಬರೆಯುವರು. ನೆಲ ತುಂಬಿದಾಗ ಅಂಗೈಯಿಂದ ಅಳಿಸಿ, ಬೇಕಾದರೆ ಪಕ್ಕದ ಗುಡ್ಡೆಯಿಂದ ಹೊಸ ಮರಳು ಹಾಕಿಕೊಂಡು ಮತ್ತೆ ಶುರು. ಕಾಗದ ಇಲ್ಲ, ಲೇಖನಿ ಇಲ್ಲ, ಖರ್ಚು ಇಲ್ಲ.

ಆಗ ಹತ್ತಿರ ಮೇಷ್ಟ್ರು ಯಾರೂ ಇರಲಿಲ್ಲ. ಅವನಿಗೆ ಅನುಮಾನ ಬಂತು. ತಪ್ಪಿದರೆ ತಿದ್ದುವವರು ಯಾರು ಅಂತ ಕೇಳಿದ. ಹುಡುಗರು ಹೇಳಿದ್ದು ಇಷ್ಟು: ನಾಲ್ಕೂ ಜನ ಒಂದೇ ಜಾಗದಲ್ಲಿ ಮರೆಯುವುದಕ್ಕೆ ಆಗುವುದಿಲ್ಲ. ಅದಕ್ಕೇ ಒಟ್ಟಿಗೆ ಕೂತು ಕಲಿಯುತ್ತೇವೆ. ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ. ದೆಲ್ಲಾ ವಾಲ್ಲೆಗೆ ಆ ಕ್ರಮ ಬಹಳ ಮೆಚ್ಚಿಗೆಯಾಯಿತು.

ಆ ಮರಳು ಎಲ್ಲಿ ಉಳಿಯುತ್ತದೆ? ಯಾವ ಉತ್ಖನನದಲ್ಲೂ ಸಿಗುವುದಿಲ್ಲ. ಪರದೇಶದವನೊಬ್ಬ ದಾರಿಯಲ್ಲಿ ನಿಂತು ನೋಡಿ ಬರೆದಿದ್ದರಿಂದ ನಮಗೆ ಗೊತ್ತಾಯಿತು. ಹಾಗೆ ನೋಡದೇ ಹೋದ ಎಷ್ಟು ಗುಡಿಗಳ ಜಗಲಿ ಇದ್ದವೋ.

ಟ್ಯೂಷನ್ ತಮ್ಮಾ, ಆ ದಾರಿ ನಿನ್ನ ತಾಲ್ಲೂಕಿನ ಕಡೆಗೇ ಬಂದದ್ದು. ನಿನ್ನ ಮಕ್ಕಳು ಕೂರುವುದೂ ಜಗಲಿಯಲ್ಲೇ.

ಶಂಕರಘಟ್ಟದ ವಿದ್ಯಾರ್ಥಿನಿ

ಮೇಷ್ಟ್ರೇ, ನಾವು ಮೂಲಗಳನ್ನು ಪರಸ್ಪರ ಹೋಲಿಸಿ ನೋಡುವುದು ಅಂತ ಒಂದು ಅಧ್ಯಾಯವನ್ನೇ ಓದುತ್ತೇವೆ. ಶಾಸನ ಒಂದು, ಪ್ರವಾಸಿಯ ಬರಹ ಒಂದು, ಕಡತ ಒಂದು, ಊರಿನವರ ನೆನಪು ಒಂದು. ನಾಲ್ಕೂ ಒಂದೇ ಜಾಗದಲ್ಲಿ ತಪ್ಪುವುದಿಲ್ಲ. ಆ ಹುಡುಗರು ಅದನ್ನು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟರು.

ಟ್ಯೂಷನ್ ಜಗಲಿ, ಸಾಗರ
ಬುಧವಾರ ರಾತ್ರಿ

ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ. ಭಾನುವಾರ ಪಾಠ ಜಗಲಿಯಲ್ಲಿ ಮಾಡಲಿಲ್ಲ. ಮಕ್ಕಳನ್ನು ಊರ ಕೆರೆ ಏರಿಗೆ ಕರೆದುಕೊಂಡು ಹೋದೆ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೀರು ಯಾರ ಗದ್ದೆಗೆ ಮೊದಲು ಹೋಗಬೇಕು ಅಂತ ಯಾರು ಹೇಳುತ್ತಿದ್ದರು, ಎಲ್ಲ ಕೇಳಿದರು. ಗದ್ದೆಗಳಿಗೆ ಕೆರೆ ನೀರು ಬಿಡುವವನಿಗೆ ನೀರುಗಂಟಿ ಅನ್ನುವ ಪದವೇ ಮಕ್ಕಳಿಗೆ ಹೊಸದು. ಕೆರೆ ನೋಡಿಕೊಳ್ಳುವವರಿಗೆ ಅಂತ ಭೂಮಿ ಬಿಡುತ್ತಿದ್ದರು, ಅದನ್ನು ಶಾಸನಗಳಲ್ಲಿ ಕೆರೆಗೊಡಗೆ ಅನ್ನುತ್ತಾರೆ ಅಂದೆ. ಒಬ್ಬ ಹುಡುಗ ಅಗೆದವರ ಹೆಸರು ಇದೆಯಾ ಅಂತ ಕೇಳಿದ. ಕಟ್ಟಿಸಿದವರ ಹೆಸರು ಇರುತ್ತದೆ, ಅಗೆದವರದ್ದು ಸಾಮಾನ್ಯವಾಗಿ ಇರುವುದಿಲ್ಲ ಅಂತ ಇದ್ದದ್ದನ್ನೇ ಹೇಳಿದೆ. ಕಾಗೋಡಿನ ಕೊಳಗದ ಕಥೆಯನ್ನೂ ಹೇಳಿದೆ. ಇಬ್ಬರು ಮಕ್ಕಳ ಅಜ್ಜಂದಿರು ಗೇಣಿದಾರರು. ಮಕ್ಕಳಿಗೆ ಗೊತ್ತಿರಲಿಲ್ಲ, ಮನೆಗೆ ಹೋಗಿ ಕೇಳಿದ ಮೇಲೆ ಗೊತ್ತಾಯಿತು.

ಆ ಹುಡುಗಿಗೆ ನಾನು ನಾಗರಿಕತೆ ಇತ್ತು, ಇರಲಿಲ್ಲ ಅಂತ ಏನೂ ಹೇಳಲಿಲ್ಲ. ಹಳೇ ಪಟ್ಟಿ ಬಿಡುವುದು ಬೇಡ, ಅದಕ್ಕೆ ನೀನೇ ಸಾಲು ಸೇರಿಸು ಅಂದೆ. ಅವಳು ಹತ್ತರ ಕೆಳಗೆ ನಾಲ್ಕು ಬರೆದಿದ್ದಾಳೆ. ಕೈಲಾಗದವರಿಗೆ ಊಟ ಯಾರು ಹಾಕುತ್ತಿದ್ದರು? ನೀರನ್ನು ಹೇಗೆ ಹಂಚುತ್ತಿದ್ದರು? ಅಳತೆ ಸರಿ ಇತ್ತಾ? ತಪ್ಪಿದರೆ ತಿದ್ದುವವರು ಇದ್ದರಾ? ಈಗ ಈ ಹದಿನಾಲ್ಕನ್ನು ಈಜಿಪ್ಟಿಗೂ ಕೇಳಬೇಕಂತೆ. ಪಿರಮಿಡ್ ಪಾಠ ಮತ್ತೆ ಮಾಡಿ ಸಾರ್ ಅಂದಿದ್ದಾಳೆ. ನಾನು ಕೂತು ಓದಬೇಕು.

ಇನ್ನೊಂದು. ಕೆರೆ ಏರಿಯ ಪಕ್ಕ ಲಂಟಾನ ಪೊದೆಯೊಳಗೆ ಒಂದು ವೀರಗಲ್ಲು ಇದೆ. ಕೆಳಗೆ ಹಸುಗಳು, ಬಿಲ್ಲು ಹಿಡಿದವನು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗ. ತುರು ಕಾಯುವಾಗ ಸತ್ತವನು ಇರಬೇಕು. ಪಟ್ಟಿಗಳ ನಡುವೆ ಅಕ್ಷರ ಇರುವ ಹಾಗಿದೆ, ಪಾಚಿ ಹಿಡಿದಿದೆ. ಮಕ್ಕಳು ಉಜ್ಜಿ ಸೀಮೆಸುಣ್ಣ ಹಚ್ಚೋಣ ಅಂದರು. ತಡೆದೆ. ಏನು ಮಾಡಲಿ?

ಶಂಕರಘಟ್ಟದ ವಿದ್ಯಾರ್ಥಿನಿ

ತಡೆದದ್ದು ಒಳ್ಳೆಯದಾಯಿತು ಸಾರ್. ಸೀಮೆಸುಣ್ಣ ಬೇಡ, ಎಣ್ಣೆ ಬೇಡ, ತಂತಿ ಬ್ರಷ್ ಮುಟ್ಟಿಸಲೇಬೇಡಿ. ಬರೀ ನೀರು ಮತ್ತು ತೆಂಗಿನ ನಾರು, ಮೆಲ್ಲಗೆ. ಕತ್ತಲಾದ ಮೇಲೆ ಟಾರ್ಚ್ ತೆಗೆದುಕೊಂಡು ಹೋಗಿ ಕಲ್ಲಿನ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಹಗಲು ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ಎಡದಿಂದ ಒಂದು ಸಲ, ಬಲದಿಂದ ಒಂದು ಸಲ, ಮೇಲಿನಿಂದ ಒಂದು ಸಲ ಫೋಟೋ ತೆಗೆಯಿರಿ. ಪಡಿಯಚ್ಚು ತೆಗೆಯುವುದು ಗೊತ್ತಿದ್ದವರೇ ಮಾಡಬೇಕು. ಒದ್ದೆ ಕಾಗದ ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ತಟ್ಟಿ ಅಕ್ಷರದ ಗುಳಿಗೆ ಕೂರಿಸಿ, ಮೇಲೆ ಮಸಿ ಒತ್ತುವುದು. ನಾನು ಬಂದು ಮಾಡಿಕೊಡುತ್ತೇನೆ.

ಅದಕ್ಕೂ ಮೊದಲು ಒಂದು ಕೆಲಸ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಲ್ಲಿ ಏಳು ಮತ್ತು ಎಂಟನೆಯದು ಶಿವಮೊಗ್ಗ ಜಿಲ್ಲೆಯವು, 1902 ಮತ್ತು 1904ರಲ್ಲಿ ಬಂದವು. ನಿಮ್ಮ ತಾಲ್ಲೂಕಿನ ಪಟ್ಟಿಯಲ್ಲಿ ಊರಿನ ಹೆಸರು ಇದೆಯಾ ನೋಡಿ. ಇದ್ದರೆ ನೂರು ವರ್ಷದ ಹಿಂದೆ ಓದಿದ ಪಾಠ ಸಿಗುತ್ತದೆ, ಹೋಲಿಸಿ ನೋಡಬಹುದು. ಇಲ್ಲದಿದ್ದರೆ ಇನ್ನೂ ಸಂತೋಷ. ಶಕವರ್ಷ ಇದ್ದರೆ 78 ಕೂಡಿಸಿ. ಚಾಳುಕ್ಯ ವಿಕ್ರಮ ವರ್ಷ ಅಂತಿದ್ದರೆ ಅದು 1076ರಿಂದ ಶುರು. ಮಕ್ಕಳೇ ಲೆಕ್ಕ ಹಾಕಲಿ.

ನಿವೃತ್ತ ಸರ್ವೇಯರ್, ಹೊಸನಗರ

ಕಲ್ಲು ನಿಂತಿರುವ ಜಾಗದ ಅಳತೆಯನ್ನೂ ಬರೆದಿಡಿ. ಏರಿಯಿಂದ ಎಷ್ಟು, ತೂಬಿನಿಂದ ಎಷ್ಟು. ನಾಳೆ ಯಾರೋ ಜೆಸಿಬಿ ತಂದು ಅದನ್ನು ಬೇರೆ ಕಡೆ ಇಟ್ಟರೂ ಮೂಲ ಜಾಗ ಗೊತ್ತಿರುತ್ತದೆ. ನಾನೂ ಬರುತ್ತೇನೆ. ಟೇಪ್ ನನ್ನ ಹತ್ತಿರ ಇದೆ.

ಭದ್ರಾವತಿ ಎಂಜಿನಿಯರ್

ಭಾನುವಾರ ಆದರೆ ನಾನೂ ಬರುತ್ತೇನೆ. ಒಳ್ಳೆ ಟಾರ್ಚ್ ತರುತ್ತೇನೆ.

ಮುಳುಗಡೆ ಮನೆ

ಒಂದು ತಿದ್ದುಪಡಿ. ನಾನು ಇಲ್ಲಿ ಬರೆದದ್ದನ್ನು ದೊಡ್ಡಪ್ಪನಿಗೂ ಅತ್ತೆಗೂ ಫೋನಿನಲ್ಲಿ ಓದಿ ಹೇಳಿದೆ. ಅತ್ತೆ ಹೇಳುತ್ತಿದ್ದದ್ದೇ ಸರಿಯಂತೆ, ದೊಡ್ಡಪ್ಪನೂ ಈಗ ಒಪ್ಪಿದರು. ಬಾವಿ ಗದ್ದೆ ಆದಮೇಲೆ ಮಕ್ಕಿ ಗದ್ದೆ ಅಲ್ಲ. ನಡುವೆ ಹುಣಸೆ ಗದ್ದೆ ಅಂತ ಒಂದು ಚಿಕ್ಕದು ಇತ್ತು. ಅಪ್ಪ ಅದನ್ನು ಯಾವಾಗಲೂ ಬಿಟ್ಟು ಹೇಳುತ್ತಿದ್ದರು, ನಾನೂ ಹಾಗೇ ಬರೆದೆ. ದಯವಿಟ್ಟು ಹೀಗೆ ಓದಿಕೊಳ್ಳಿ: ಹೊಳೆಯಂಚಿನ ಗದ್ದೆ, ಸಾಲು ಗದ್ದೆ, ಬಾವಿ ಗದ್ದೆ, ಹುಣಸೆ ಗದ್ದೆ, ಮಕ್ಕಿ ಗದ್ದೆ, ಹಾಡ್ಯದ ಕೆಳಗಿನ ಗದ್ದೆ.